ಒಡೆಯಲೇಬೇಕಾದ ಗಾಜು

ನನ್ನ ಮೊದಲ ನೌಕರಿ ಮೂರು ಗಾಜಿನ ಪಟ್ಟಿಗಳನ್ನು ನೋಡಿ ಬರುವುದು. ಏಣಿ ಹತ್ತುವುದು, ಗಾಜು ಒಡೆದಿದೆಯೇ ನೋಡುವುದು, ಒಡೆದಿಲ್ಲ ಎಂದು ಬರೆಯುವುದು, ಇಳಿಯುವುದು. ಊರಿಗೆ ಕಾಗದ ಬರೆಯುವಾಗ ಇದನ್ನು ಹೇಗೆ ವಿವರಿಸುವುದೆಂದು ತಿಳಿಯದೆ ಅಕ್ಕ, "ತಮ್ಮ ಹಳೇ ಕಟ್ಟಡಗಳ ಆರೋಗ್ಯ ನೋಡಿಕೊಳ್ಳುತ್ತಾನೆ" ಎಂದು ಬರೆದಳು. ಅಮ್ಮ ಅದರಲ್ಲಿ ಆರೋಗ್ಯವನ್ನಷ್ಟೇ ಇಟ್ಟುಕೊಂಡು ಕಟ್ಟಡವನ್ನು ಬಿಟ್ಟುಬಿಟ್ಟಳು. ರಜೆಗೆ ಹೋದಾಗ ಪಕ್ಕದ ಮನೆಯ ಅಜ್ಜಿ ಬಂದು ಮೊಣಕಾಲು ಮುಂದೆ ಚಾಚಿ ಕುಳಿತರು. ನಾನು ನಮ್ಮ ಕಚೇರಿಯ ದೊಡ್ಡ ಸಾಹೇಬರ ಗಂಟಲಿನಲ್ಲಿ, "ಹಳೆಯ ತೊಂದರೆ. ಗಾಬರಿಗೆ ಕಾರಣವಿಲ್ಲ. ಗಮನದಲ್ಲಿಡಿ" ಅಂದೆ. ಅಜ್ಜಿಗೆ ಎಷ್ಟು ಸಮಾಧಾನವಾಯಿತೆಂದರೆ, ಬರುವಾಗ ಹಿಡಿದುಕೊಂಡು ಬಂದಿದ್ದ ಕೋಲನ್ನು ನಮ್ಮ ಜಗಲಿಯಲ್ಲೇ ಬಿಟ್ಟು ಹೋದರು.

ಇನ್ನೊಬ್ಬರ ಗಂಟಲು ನನಗೆ ಬೇಗ ಹತ್ತಿಕೊಳ್ಳುತ್ತದೆ. ಯಾರ ಎದುರಿಗಾದರೂ ಸ್ವಲ್ಪ ಹೊತ್ತು ಕುಳಿತರೆ ಸಾಕು, ಏಳುವಾಗ ಅವರ ಕೆಮ್ಮು ನನ್ನ ಜೊತೆ ಎದ್ದು ಬರುತ್ತದೆ. ನನ್ನ ಸ್ವಂತ ಧ್ವನಿಯನ್ನೂ ನಾನು ಅಣಕಿಸಬಲ್ಲೆ. ಅದು ಕಷ್ಟವೇನಲ್ಲ: ಮೂಗಿನಲ್ಲಿ ಸ್ವಲ್ಪ ನೆಗಡಿ, ಮಾತಿನಲ್ಲಿ ಸ್ವಲ್ಪ ಜಂಬ, ಮುಗಿಯಿತು.

ದಿಲ್ಲಿಗೆ ನಾನು ಬಂದದ್ದು ಕರೋಲ್‌ಬಾಗಿನಲ್ಲಿದ್ದ ದೊಡ್ಡಪ್ಪನ ಹೋಟೆಲಿಗೆ. ಬಾಗಿಲ ಬಳಿ ಸ್ಟೂಲಿನ ಮೇಲೆ ಕುಳಿತು ಕೂಪನ್ ಹರಿದುಕೊಡುವ ಕೆಲಸ. ಬೇಸರವಾಗಿ ಒಂದು ದಿನ ಸಪ್ಲೈಯರನ ಧ್ವನಿಯಲ್ಲಿ ಅಡಿಗೆಮನೆಯ ಕಡೆಗೆ, "ನಾಲ್ಕು ಮಸಾಲೆ, ಎರಡು ರವೆ, ಒಂದು ಖಾಲಿ" ಎಂದು ಕೂಗಿದೆ. ದೋಸೆಗಳು ಬಂದವು. ತಿನ್ನುವವರು ಯಾರೂ ಇರಲಿಲ್ಲ. ದೊಡ್ಡಪ್ಪ ಆ ದೋಸೆಗಳನ್ನೆಲ್ಲ ನನ್ನ ಎದುರಿಗಿಟ್ಟು ತಿನ್ನಿಸಿ, ಕೊನೆಯ ತುತ್ತು ಒಳಗಿಳಿಯುವವರೆಗೂ ಕಾದು, "ಇನ್ನು ನಿನ್ನ ಅಕ್ಕನ ಮನೆಗೆ ಹೋಗು" ಅಂದರು.

ಅಕ್ಕ ಭಾವ ಲೋಧಿ ಕಾಲೋನಿಯ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದರು. ಭಾವ ಒಂದು ಮಂತ್ರಾಲಯದಲ್ಲಿ ಗುಮಾಸ್ತರು. ಮನೆಯಲ್ಲೂ ಕಡತದ ಭಾಷೆ ಬಿಡದವರು. ಉಪ್ಪು ಕಡಿಮೆಯಾದರೆ "ಸಾರಿನ ವಿಷಯ ಪುನರ್ ಪರಿಶೀಲಿಸಬಹುದು" ಅನ್ನುತ್ತಿದ್ದರು. ನಾನು ಅವರನ್ನು ಅಣಕಿಸಿದರೆ ಅವರ ಪುಟ್ಟ ಮಗಳು ಚಪ್ಪಾಳೆ ತಟ್ಟಿ, "ಮಾಮಾ, ಫಿರ್ ಸೇ, ಇನ್ನೊಮ್ಮೆ" ಅನ್ನುತ್ತಿದ್ದಳು. ಭಾವನೇ ಅಲ್ಲಿ ಇಲ್ಲಿ ಹೇಳಿ ನನ್ನನ್ನು ಹಳೆಯ ಕಟ್ಟಡಗಳ ಇಲಾಖೆಯೊಂದರಲ್ಲಿ ತಾತ್ಕಾಲಿಕ ಸಹಾಯಕನಾಗಿ ಸೇರಿಸಿದರು. ಸೇರಿಸುವಾಗ ಒಂದೇ ಷರತ್ತು ಹಾಕಿದ್ದರು: "ಕಚೇರಿಯಲ್ಲಿ ನಿನ್ನ ಧ್ವನಿಯಲ್ಲೇ ಮಾತಾಡು ಮಾರಾಯ. ಕಾಲ ಚೆನ್ನಾಗಿಲ್ಲ."

ಕಾಲ ನಿಜಕ್ಕೂ ಹಾಗಿತ್ತು. ಎಮರ್ಜೆನ್ಸಿಯ ವರ್ಷ. ಕಚೇರಿಗಳಲ್ಲಿ ಎಲ್ಲರೂ ಹೊತ್ತಿಗೆ ಸರಿಯಾಗಿ ಬಂದು, ಬಂದದ್ದಕ್ಕೆ ತಾವೇ ಆಶ್ಚರ್ಯಪಡುತ್ತ ಕುಳಿತಿರುತ್ತಿದ್ದರು. ಯಾರಿಗೆ ಯಾವಾಗ ಮೆಮೊ ಬರುತ್ತದೆಂದು ಹೇಳುವಂತಿರಲಿಲ್ಲ. ಅಂಥ ದಿನಗಳಲ್ಲಿ ನಾನು ಮೊದಲ ವಾರವೇ ಕಚೇರಿಯ ಒಳಗಿನ ಫೋನೆತ್ತಿ ದೊಡ್ಡ ಸಾಹೇಬರ ಗಂಟಲಿನಲ್ಲಿ, "ದೇಖಿಯೇ..." ಅಂದೆ. ಆ ತುದಿಯಲ್ಲಿದ್ದವರು ನನ್ನ ಮೇಲಿನ ಇಂಜಿನಿಯರು. ಗೋಡೆಯಾಚೆ ಅವರು ಕುರ್ಚಿ ಸರಿಸಿ ಎದ್ದು ನಿಂತ ಸದ್ದು ಕೇಳಿಸಿತು. "ದೇಖಿಯೇ", ಅಂದರೆ "ನೋಡಿ", ಎಂದ ಮೇಲೆ ದೊಡ್ಡ ಸಾಹೇಬರು ಬಹಳ ಹೊತ್ತು ಸುಮ್ಮನಿರುತ್ತಾರೆ, ಆ ಮೌನದಲ್ಲೇ ಅವರ ಅಧಿಕಾರವೆಲ್ಲ ಇದೆ. ನಾನೂ ಸುಮ್ಮನಿದ್ದೆ. ಕೊನೆಗೆ ನಗು ತಡೆಯಲಾಗದೆ ಸಿಕ್ಕಿಬಿದ್ದೆ.

ಇಂಜಿನಿಯರು ಮೈಸೂರಿನ ಕಡೆಯವರು. ಬಡಕಲು ಮೈ, ಯಾವ ಋತುವಿನಲ್ಲೂ ಕೈಯಲ್ಲೊಂದು ಕೊಡೆ. ಅವರು ಸಿಟ್ಟು ಮಾಡಲಿಲ್ಲ. "ಏನಯ್ಯಾ, ನೀನು ಯಾವತ್ತಾದರೂ ನಿಜ ಹೇಳಿದರೆ ನನಗೆ ಹೇಗೆ ಗೊತ್ತಾಗಬೇಕು?" ಎಂದು ಮಾತ್ರ ಕೇಳಿದರು. ಆಗ ನನಗೆ ಅದೊಂದು ಪ್ರಶ್ನೆ ಅನ್ನಿಸಿರಲಿಲ್ಲ.

ಅವರ ಪ್ರೀತಿಯೆಲ್ಲ ಬಿರುಕುಗಳ ಮೇಲೆ. ಮುನಿರ್ಕಾ ಹಳ್ಳಿಯ ಹಿಂದೆ, ಎಮ್ಮೆ ಕಟ್ಟುವ ಬಯಲಿನಾಚೆ, ಹೆಸರು ಯಾರಿಗೂ ನೆಟ್ಟಗೆ ಗೊತ್ತಿಲ್ಲದ ಒಂದು ಹಳೆಯ ಗುಮ್ಮಟವಿತ್ತು. ಒಳಗೆ ಯಾರೋ ದೊಡ್ಡ ಮನುಷ್ಯರ ಗೋರಿ, ಹೊರಗೆ ಗೋಡೆಯ ಉದ್ದಕ್ಕೂ ಬೆರಣಿ. ಅದರ ಪಶ್ಚಿಮದ ಕಮಾನಿನ ನೆತ್ತಿಯಿಂದ ಒಂದು ಬಿರುಕು ಹೊರಟು ಗುಮ್ಮಟದ ಹೊಟ್ಟೆಯವರೆಗೆ ಏರಿತ್ತು. ಮೊದಲ ದಿನ ಅದರ ಕೆಳಗೆ ನಿಲ್ಲಿಸಿ ಇಂಜಿನಿಯರು ನನಗೆ ಪಾಠ ಹೇಳಿದರು.

"ಬಿರುಕಲ್ಲಿ ಎರಡು ಜಾತಿ ಕಣಯ್ಯ. ಸತ್ತದ್ದು ಒಂದು, ಬದುಕಿರೋದು ಒಂದು. ಸತ್ತದ್ದಕ್ಕೆ ಗಾರೆ ತುಂಬಿ ಮರ್ಯಾದೆಯಿಂದ ಕಳಿಸಿಕೊಡಬಹುದು. ಬದುಕಿರೋದಕ್ಕೆ ತುಂಬಿದರೆ ಅದು ಪಕ್ಕದಲ್ಲಿ ಬಾಯಿ ಬಿಡುತ್ತೆ. ಇದು ಬದುಕಿದೆ. ನನಗೆ ಗೊತ್ತು. ಆದರೆ ನನಗೆ ಗೊತ್ತಿದ್ದರೆ ಸಾಲದು, ದೊಡ್ಡವರಿಗೆ ತೋರಿಸಬೇಕು."

ತೋರಿಸುವುದಕ್ಕೆ ಗಾಜು. ಬೆರಳಗಲದ ತೆಳ್ಳಗಿನ ಪಟ್ಟಿ. ಅದನ್ನು ಬಿರುಕಿಗೆ ಅಡ್ಡಲಾಗಿಟ್ಟು, ಎರಡೂ ತುದಿಗಳನ್ನು ಪ್ಲಾಸ್ಟರಿನಿಂದ ಕಲ್ಲಿಗೆ ಕಚ್ಚಿಸುವುದು. ಗೋಡೆ ಕೂದಲೆಳೆಯಷ್ಟು ಸರಿದರೂ ಕಲ್ಲು ಬಾಗುತ್ತದೆ, ಮರ ಬಾಗುತ್ತದೆ, ಗಾಜು ಮಾತ್ರ ಬಾಗುವುದಿಲ್ಲ, ಪಟ್ಟೆಂದು ಒಡೆಯುತ್ತದೆ. ಗೋಡೆಯ ಮೇಲೆ ಚಾಡಿ ಹೇಳುವುದೇ ಅದರ ಕೆಲಸ. ಒಟ್ಟು ಮೂರು ಪಟ್ಟಿ ಕೂರಿಸಿದೆವು. ಇಂಜಿನಿಯರು ಪ್ರತಿಯೊಂದರ ಮೇಲೂ ಕಪ್ಪು ಬಣ್ಣದಲ್ಲಿ ತಾರೀಕು ಬರೆದು, ಕೆಳಗೆ ಕುಂಚದ ತುದಿಯಿಂದ ಬಾಲ ಎಳೆದು ಸಹಿ ಹಾಕಿದರು. ಆ ಬಾಲದ ಬಗ್ಗೆ ಅವರಿಗೆ ಹೆಮ್ಮೆ.

ಇದಕ್ಕಿಂತ ಒಳ್ಳೆಯ ಉಪಕರಣವೂ ಇಲಾಖೆಯಲ್ಲಿತ್ತು. ವಿದೇಶದಿಂದ ತರಿಸಿದ್ದು, ಗಡಿಯಾರದಂಥ ಮುಖ, ಒಂದು ಮುಳ್ಳು. ಬಿರುಕಿನ ಎರಡು ಬದಿಗೂ ಹಿತ್ತಾಳೆಯ ಗುಬ್ಬಿಮೊಳೆ ಕೂರಿಸಿ ಅವುಗಳ ನಡುವೆ ಇಟ್ಟರೆ ಎಷ್ಟು ಸರಿದಿದೆಯೆಂದು ಮುಳ್ಳೇ ಹೇಳುತ್ತಿತ್ತಂತೆ. ನಾನು ಅದನ್ನು ನೋಡಿದ್ದು ದೊಡ್ಡ ಸಾಹೇಬರ ಕೋಣೆಯ ಗಾಜಿನ ಬೀರುವಿನಲ್ಲಿ, ನೀಲಿ ಮಖಮಲ್ಲಿನ ಪೆಟ್ಟಿಗೆಯಲ್ಲಿ. ಗುಬ್ಬಿಗಳನ್ನು ಗೋಡೆಗೆ ಕೂರಿಸಲು ಅನುಮತಿ ಸಿಕ್ಕಿತ್ತು. ಉಪಕರಣ ಹೊರಗೆ ಒಯ್ಯಲು ಸಿಕ್ಕಿರಲಿಲ್ಲ. "ದೇಖಿಯೇ," ಅಂದಿದ್ದರು ದೊಡ್ಡ ಸಾಹೇಬರು, ಮತ್ತು ಬಹಳ ಹೊತ್ತು ಸುಮ್ಮನಿದ್ದು, "ಧೂಳಿರುತ್ತದೆ. ಕೈಯಿಂದ ಬಿದ್ದರೆ?" ಹಾಗಾಗಿ ಗುಬ್ಬಿಗಳು ಮುನಿರ್ಕಾದಲ್ಲಿ, ಮುಳ್ಳು ಬೀರುವಿನಲ್ಲಿ.

ದೊಡ್ಡ ಸಾಹೇಬರ ಮತ ಬೇರೆಯಿತ್ತು. ಅಷ್ಟು ವರ್ಷದಿಂದ ನಿಂತ ಗುಮ್ಮಟ ನಾಳೆಯೂ ನಿಲ್ಲುತ್ತದೆ ಎಂಬುದು. ಅವರು ಇಂಜಿನಿಯರಿಗೆ ದೀಪಾವಳಿಯವರೆಗೆ ಗಡುವು ಕೊಟ್ಟರು. ಅಷ್ಟರೊಳಗೆ ಗಾಜು ಒಡೆಯದಿದ್ದರೆ ಬಿರುಕು ಸತ್ತಿದೆಯೆಂದೇ ಲೆಕ್ಕ; ಗಾರೆ ತುಂಬುವುದು, ಬಿರುಕಿನ ವಿಭಾಗ ಮುಚ್ಚುವುದು. ವಿಭಾಗವೆಂದರೆ ಇಂಜಿನಿಯರು, ನಾನು, ಒಂದು ಏಣಿ. ಏಣಿ ಖಾಯಂ. ಇಂಜಿನಿಯರನ್ನು ಎಲ್ಲಿಗೋ ವರ್ಗ ಮಾಡುತ್ತಾರೆ. ನಾನು ಕರೋಲ್‌ಬಾಗಿನ ಸ್ಟೂಲಿಗೆ.

ಹೀಗೆ ನನ್ನ ನೌಕರಿ ಮೂರು ಗಾಜಿನ ಪಟ್ಟಿಗಳ ಮೇಲೆ ನಿಂತಿತು. ಅವು ಒಡೆದರೆ ನಾನು ಉಳಿದೆ.

ಅವು ಒಡೆಯಲಿಲ್ಲ. ಪ್ರತಿ ಸೋಮವಾರ ಬಸ್ಸಿನಲ್ಲಿ ನೇತಾಡಿಕೊಂಡು ಮುನಿರ್ಕಾಗೆ ಹೋಗುತ್ತಿದ್ದೆವು. ನಾನು ಏಣಿ ಹತ್ತುತ್ತಿದ್ದೆ, ಇಂಜಿನಿಯರು ಕೆಳಗೆ ಕೊಡೆ ಹಿಡಿದು ನಿಲ್ಲುತ್ತಿದ್ದರು. ಗುಮ್ಮಟದ ಚೌಕೀದಾರರು ಏಣಿಯ ಕಾಲು ಹಿಡಿಯುತ್ತಿದ್ದರು. ಅವರನ್ನು ನಾನು ಚಾಚಾ ಎಂದು ಕರೆಯುತ್ತಿದ್ದೆ. ಗಢವಾಲದ ಕಡೆಯವರು, ವಯಸ್ಸಾದವರು, ಜೂನ್ ತಿಂಗಳಲ್ಲೂ ಖಾಕಿ ಕೋಟಿನ ಗುಂಡಿ ಬಿಚ್ಚದವರು. ಗೋರಿಯ ಪಕ್ಕದಲ್ಲೇ, ಆ ಕಮಾನಿನ ಕೆಳಗೇ, ಅವರ ಮಂಚ. ನಾವು ಬರುವಷ್ಟರಲ್ಲಿ ನೆಲ ಗುಡಿಸಿ, ನೀರು ಚಿಮುಕಿಸಿ, ಮದುವೆಗೆ ಬೀಗರು ಬರುವಂತೆ ಕಾದಿರುತ್ತಿದ್ದರು.

"ಹೇಗಿದೆಯಯ್ಯ?" ಎಂದು ಇಂಜಿನಿಯರು ಕೆಳಗಿನಿಂದ.

"ಚೆನ್ನಾಗಿದೆ ಸಾರ್."

"ಥೂ," ಅನ್ನುತ್ತಿದ್ದರು ಇಂಜಿನಿಯರು.

ಲೋಕದಲ್ಲಿ ಚೆನ್ನಾಗಿದೆ ಅಂದರೆ ಥೂ ಅನ್ನಿಸಿಕೊಳ್ಳುವ ಕೆಲಸ ನನ್ನದೊಂದೇ ಇರಬೇಕು. ಮೇ ತಿಂಗಳ ಬಿಸಿಗಾಳಿ ಬೀಸಿ ಹೋಯಿತು. ಗೋಡೆ ಮುಟ್ಟಿದರೆ ಹಂಚಿನಂತೆ ಸುಡುತ್ತಿತ್ತು, ಗಾಜು ಮಾತ್ರ ತಣ್ಣಗೆ ಕುಳಿತಿತ್ತು. ಒಂದು ಸೋಮವಾರ ಇಂಜಿನಿಯರೂ ಏಣಿ ಹತ್ತಿದರು. ಗಾಜನ್ನು ನೋಡಿ ಮುಖ ಸಣ್ಣದು ಮಾಡಿಕೊಂಡವರು ತಮ್ಮ ಸಹಿ ನೋಡಿ ಸ್ವಲ್ಪ ಚೇತರಿಸಿಕೊಂಡರು. "ನೋಡಯ್ಯ, ಇಷ್ಟು ಬಿಸಿಲಿಗೂ ಬಣ್ಣ ಒಂದಿಷ್ಟು ಮಾಸಿಲ್ಲ. ಆ ಬಾಲ ನೋಡು."

ಮನೆಯಲ್ಲಿ ಭಾವ ದಿನವೂ ವಿಚಾರಿಸುತ್ತಿದ್ದರು. "ಗಾಜಿನ ವಿಷಯದಲ್ಲಿ ಪ್ರಗತಿ?"

"ಯಥಾಸ್ಥಿತಿ," ಅನ್ನುತ್ತಿದ್ದೆ ಅವರ ಧ್ವನಿಯಲ್ಲೇ.

"ಎಂತ ಕೆಲಸವೋ ಇದು," ಎಂದು ಅಕ್ಕ ಚಪಾತಿ ಮಗುಚುತ್ತ ಅನ್ನುತ್ತಿದ್ದಳು. "ಒಡೆಯಲಿ ದೇವರೇ ಅಂತ ಹರಕೆ ಹೊರುವುದು ಹೇಗೆ? ದೇವರಿಗೆ ಏನು ಅನ್ನಿಸಬೇಡ?"

ಜುಲೈಯಲ್ಲಿ ಮೊದಲ ದೊಡ್ಡ ಮಳೆ ಬಿತ್ತು. ಮರುದಿನ ಸೋಮವಾರವಲ್ಲ, ಆದರೂ ಮನಸ್ಸು ತಡೆಯದೆ ನಾನೊಬ್ಬನೇ ಮುನಿರ್ಕಾಗೆ ಹೋದೆ. ಚಾಚಾ ಇರಲಿಲ್ಲ, ಹಳ್ಳಿಯೊಳಗೆ ಹಿಟ್ಟು ಬೀಸಿಸಲು ಹೋಗಿದ್ದರಂತೆ. ಏಣಿ ಹತ್ತಿ ನೋಡಿದರೆ ನಡುವಿನ ಗಾಜು ಎರಡು ತುಂಡು. ಬಿರುಕಿನ ನೇರಕ್ಕೆ, ಬ್ಲೇಡಿನಿಂದ ಕೊಯ್ದಂತೆ. ನಾನು ಏಣಿಯ ಮೇಲೆಯೇ ಒಂದು ಸುತ್ತು ಎಲ್ಲರ ಧ್ವನಿಯಲ್ಲೂ ನನ್ನನ್ನು ಅಭಿನಂದಿಸಿಕೊಂಡೆ. ಆದರೆ ಅಧಿಕಾರಿ ಸ್ವತಃ ಕಣ್ಣಾರೆ ನೋಡಿ ಬರೆಯದೆ ಒಡೆದದ್ದು ಒಡೆದಂತಾಗುವುದಿಲ್ಲ ಎಂಬುದು ನಮ್ಮ ನಿಯಮ. ಓಡಿದೆ. ಬಸ್ಸು ಸಿಗಲಿಲ್ಲ, ಸಿಕ್ಕಿದ್ದು ಕೆಟ್ಟು ನಿಂತಿತು. ಕಚೇರಿ ತಲುಪುವಾಗ ಇಂಜಿನಿಯರು ಹೊರಟು ಹೋಗಿದ್ದರು. ಮರುದಿನ ಬೆಳಿಗ್ಗೆ ಅವರನ್ನು ಆಟೋರಿಕ್ಷಾದಲ್ಲಿ ಕೂರಿಸಿಕೊಂಡು ಬಂದೆ. ದಾರಿಯುದ್ದಕ್ಕೂ ಅವರು ಮದುಮಗನ ಹಾಗೆ ಕ್ರಾಪು ಸರಿಮಾಡಿಕೊಳ್ಳುತ್ತಿದ್ದರು.

ಗಾಜು ಇಡಿಯಾಗಿತ್ತು.

ಹತ್ತಿ ನೋಡಿದೆ, ಇಳಿದು ಕನ್ನಡಕ ಒರೆಸಿಕೊಂಡು ಮತ್ತೆ ಹತ್ತಿ ನೋಡಿದೆ. ಮೂರೂ ಪಟ್ಟಿಗಳು ಹೊಳೆಯುತ್ತಿದ್ದವು. ತಾರೀಕು, ಸಹಿ, ಬಾಲ, ಎಲ್ಲ ಇದ್ದಲ್ಲೇ ಇದ್ದವು. ಚಾಚಾ ಕೆಳಗೆ ಏಣಿಯ ಕಾಲು ಹಿಡಿದು ಗೋರಿಯ ಕಡೆ ನೋಡುತ್ತಿದ್ದರು.

"ಸಾರ್, ನಿನ್ನೆ ಒಡೆದಿತ್ತು. ಆಣೆ ಮಾಡಿ ಹೇಳ್ತೇನೆ."

ಇಂಜಿನಿಯರು ಕೊಡೆಯ ತುದಿಯಿಂದ ನೆಲ ಗೀಚುತ್ತ ನಿಂತಿದ್ದರು. "ಫೋನಲ್ಲಿ ಮಾಡಿದ್ದು ನಗುವ ವಿಷಯ ಕಣಯ್ಯ. ನಾನೂ ನಕ್ಕೆ. ಇದರಲ್ಲಿ ತಮಾಷೆ ಬೇಡ. ನನಗೆ ವರ್ಗ ಆದರೆ ಮನೆಯಲ್ಲಿ ಮಕ್ಕಳ ಸ್ಕೂಲಿದೆ." ಅಷ್ಟು ಹೇಳಿ ಬಸ್‌ಸ್ಟಾಪಿನ ಕಡೆ ನಡೆದರು. ಎಮ್ಮೆಗಳೆಂದರೆ ಅವರಿಗೆ ಹೆದರಿಕೆ, ಆವತ್ತು ಅವುಗಳ ನಡುವೆಯೇ ಹೋದರು.

ನಾನು ಆಡಿದ ನಿಜವನ್ನು ಯಾರೂ ನಂಬಲಿಲ್ಲ, ಸ್ವಲ್ಪ ದಿನದಲ್ಲಿ ನಾನೂ ನಂಬುವುದನ್ನು ಬಿಟ್ಟೆ. ಎಲ್ಲರನ್ನೂ ಅಣಕಿಸಿ ಅಣಕಿಸಿ ಈಗ ನನ್ನ ಕಣ್ಣೇ ನನ್ನನ್ನು ಅಣಕಿಸುತ್ತಿದೆ ಅಂದುಕೊಂಡೆ. ಆದರೆ ಆಗಸ್ಟಿನಲ್ಲಿ ಮತ್ತೊಂದು ಜಡಿಮಳೆಯಾದಾಗ, ಹೇಳದೆ ಕೇಳದೆ ನಡುಮಧ್ಯಾಹ್ನ ಮುನಿರ್ಕಾಗೆ ಹೋದೆ. ಗುಮ್ಮಟದೊಳಗೆ ಕಾಲಿಟ್ಟರೆ ಚಾಚಾ ಏಣಿಯ ಮೇಲಿದ್ದರು. ಎಡಗೈಯಲ್ಲಿ ಪ್ಲಾಸ್ಟರ್ ಕಲಸಿದ ಕಟೋರಿ, ಬಲಗೈಯಲ್ಲಿ ಚಮಚ, ತುಟಿಗಳ ನಡುವೆ ಹೊಸ ಗಾಜಿನ ಪಟ್ಟಿ.

"ಚಾಚಾ, ಏನಿದು?"

ಬಾಯಲ್ಲಿ ಗಾಜಿದ್ದುದರಿಂದ ಉತ್ತರ ಬರಲಿಲ್ಲ. ಅವರು ಗಾಬರಿಯನ್ನೂ ತೋರಿಸಲಿಲ್ಲ. ಗಾಜನ್ನು ಕೂರಿಸಿ, ಎರಡೂ ತುದಿಗೆ ಪ್ಲಾಸ್ಟರ್ ಮೆತ್ತಿ, ಹೆಬ್ಬೆರಳಿನಿಂದ ಸವರಿ, ಸೊಟ್ಟಗಿದೆಯೇ ಎಂದು ಕತ್ತು ಓರೆ ಮಾಡಿ ನೋಡಿ, ಆಮೇಲೆ ಇಳಿದರು.

"ಒಡೆದಿತ್ತು ಬಾಬೂಜಿ."

"ಮುಂಚೆಯೂ ಒಡೆದಿತ್ತಾ?"

"ಮಳೆ ಜೋರಾದರೆ ಒಡೆಯುತ್ತದೆ. ಬಿಸಿಲು ಜೋರಾದರೂ ಒಡೆಯುತ್ತದೆ. ನಾನು ಮುಟ್ಟುವುದೇ ಇಲ್ಲ, ಗಂಗಾಮಾಯಿಯ ಆಣೆ. ತನ್ನಷ್ಟಕ್ಕೆ ಒಡೆಯುತ್ತದೆ. ಆದರೆ ತನ್ನಷ್ಟಕ್ಕೆ ಒಡೆಯಿತು ಅಂದರೆ ಯಾರು ನಂಬುತ್ತಾರೆ?"

ನಾನು ಮಂಚದ ಮೇಲೆ ಕುಳಿತುಬಿಟ್ಟೆ. ತನ್ನಷ್ಟಕ್ಕೆ ಒಡೆಯಿತು ಎಂಬ ಒಂದೇ ಮಾತಿಗಾಗಿ ಒಂದು ಇಲಾಖೆ, ಒಬ್ಬ ಇಂಜಿನಿಯರು, ಒಬ್ಬ ನಾನು ಬೇಸಿಗೆಯಿಂದ ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದೆವು.

ಚಾಚಾ ವಿವರಿಸಿದರು. ಹಿಂದೊಮ್ಮೆ ಅವರ ಕೈಲಿದ್ದ ಸರ್ಕಾರಿ ಲಾಟೀನಿನ ಗಾಜು ಒಡೆದಿತ್ತಂತೆ. ಅದೂ ತನ್ನಷ್ಟಕ್ಕೇ. ಸ್ಟೋರಿನವರು ಮೆಮೊ ಕೊಟ್ಟರು. ಚಾಚಾ ಯಾರಿಂದಲೋ ಉತ್ತರ ಬರೆಸಿದರು. ಉತ್ತರ ತೃಪ್ತಿಕರವಾಗಿಲ್ಲವೆಂದು ಇನ್ನೊಂದು ಮೆಮೊ. ಆಮೇಲೆ ಒಡೆದ ಚೂರುಗಳನ್ನು ಹಾಜರುಪಡಿಸು ಎಂದರು. ಚೂರುಗಳನ್ನು ಚಾಚಾ ಎಸೆದುಬಿಟ್ಟಿದ್ದರು. ಸರ್ಕಾರದ ಒಡೆದ ಸಾಮಾನನ್ನು ಎಸೆದದ್ದು ಒಡೆದದ್ದಕ್ಕಿಂತ ದೊಡ್ಡ ಅಪರಾಧವಂತೆ.

"ಅದು ಲಾಟೀನು. ಇದರ ಮೇಲೆ ಇಂಜಿನಿಯರ್ ಸಾಬರ ಸಹಿಯೇ ಇದೆ," ಅಂದರು ಚಾಚಾ. "ಸಹಿ ಇರುವ ಗಾಜು ಒಡೆದರೆ ನನ್ನ ಗತಿ? ಅದೂ ಈ ದಿನಗಳಲ್ಲಿ. ಅದಕ್ಕೆ ಹಳ್ಳಿಯಲ್ಲಿ ಫೋಟೋಗೆ ಫ್ರೇಮು ಹಾಕುವವನಿದ್ದಾನಲ್ಲ, ಅವನ ಹತ್ತಿರ ಕತ್ತರಿಸಿ ಉಳಿದ ಪಟ್ಟಿಗಳಿರುತ್ತವೆ. ಅಳತೆಗೆ ಕೊಯ್ದುಕೊಡುತ್ತಾನೆ. ಬರಹವನ್ನೂ ಅವನೇ ನೋಡಿ ಬರೆಯುತ್ತಾನೆ."

ನಾನು ಏಣಿ ಹತ್ತಿ ನೋಡಿದೆ. ಸಹಿಯ ಬಾಲ ಇಂಜಿನಿಯರು ಎಳೆದದ್ದಕ್ಕಿಂತ ಒಂದು ಕೂದಲು ಹೆಚ್ಚೇ ಚೆಂದವಾಗಿತ್ತು. ಬೇಸಿಗೆಯಲ್ಲಿ ಅವರು ಮೆಚ್ಚಿಕೊಂಡದ್ದೂ ಫ್ರೇಮಿನವನು ಎಳೆದ ಬಾಲವನ್ನೇ. ಎರಡು ಮೈಲಿಯೊಳಗೆ ನನಗಿಂತ ಒಳ್ಳೆಯ ಅನುಕರಣೆಗಾರ ಇದ್ದಾನೆಂದು ಆವರೆಗೆ ನನಗೆ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಇಂಜಿನಿಯರಿಗೆ ಹೇಳಿದರೆ ಕಿವಿಗೇ ಹಾಕಿಕೊಳ್ಳಲಿಲ್ಲ. "ಫ್ರೇಮ್ ಹಾಕೋನು ನನ್ನ ಸಹಿ ಮಾಡ್ತಾನೆ. ಚೌಕೀದಾರ ಬಾಯಲ್ಲಿ ಗಾಜು ಕಚ್ಚಿಕೊಂಡು ಏಣಿ ಹತ್ತುತ್ತಾನೆ. ಮುಂದೆ? ಎಮ್ಮೆ ಬಂದು ಪ್ಲಾಸ್ಟರ್ ಕಲಸುತ್ತಾ?" ಎಂದು ಫೈಲಿನೊಳಗೆ ತಲೆ ಹಾಕಿದರು.

ಆ ಸಂಜೆ ಊಟಕ್ಕೆ ಕುಳಿತಾಗ ಭಾವನೇ ಉಪಾಯ ಹೇಳಿದರು. "ಬರೆದು ಕೊಡು. ಬಾಯಲ್ಲಿ ನೀನು ಹತ್ತು ಜನ. ಕಾಗದದ ಮೇಲೆ ಒಬ್ಬನೇ." ಹೇಳಿದ್ದಲ್ಲದೆ ಮೊಸರನ್ನದ ಕೈ ತೊಳೆದುಕೊಂಡು ತಾವೇ ಕರಡು ಮಾಡಿದರು. 'ಸದರಿ ಗಾಜು ತನ್ನ ಕರ್ತವ್ಯವನ್ನು ನಿರ್ವಹಿಸಿದ್ದು, ಸದರಿ ನಿರ್ವಹಣೆಯು ಗಮನಕ್ಕೆ ಬಾರದಂತೆ ದುರಸ್ತಿಯಾಗಿರುತ್ತದೆ' ಎಂದು ಶುರುವಾಗುತ್ತಿತ್ತು. ನಾನು ಇಂಗ್ಲಿಷಿಗೆ ತಿರುಗಿಸಿ, ನನ್ನ ಹೆಸರಿನಲ್ಲಿ ಸಹಿ ಹಾಕಿ ಕೊಟ್ಟೆ. ಇಂಜಿನಿಯರು ಎರಡು ಸಲ ಓದಿದರು. ಎದ್ದು ಕೊಡೆ ತೆಗೆದುಕೊಂಡರು.

ಗುಮ್ಮಟದಲ್ಲಿ ಚಾಚಾ ಸೆಟೆದು ನಿಂತು ಸಲಾಮು ಹೊಡೆದರು. ಗಾಜು ಎಂದಾದರೂ ಒಡೆದಿತ್ತೇ ಎಂದು ಇಂಜಿನಿಯರು ಕೇಳಿದರು.

"ಇಲ್ಲ ಸಾಬ್. ನಾನಿರುವಾಗ ಹೇಗೆ ಒಡೆಯುತ್ತದೆ?"

ಇಂಜಿನಿಯರು ನನ್ನ ಕಡೆ ನೋಡಿದರು. ಆ ನೋಟವನ್ನು ಮಾತ್ರ ನಾನು ಇಂದಿಗೂ ಅಣಕಿಸಿಲ್ಲ. ಅವರು ಹೊರಗೆ ಹೋಗಿ ಬೇವಿನ ಮರದ ಕೆಳಗೆ ನಿಂತರು.

"ಚಾಚಾ," ಅಂದೆ, "ನನ್ನ ನೌಕರಿ ಹೋಗುತ್ತದೆ. ಅವರದ್ದೂ ಹೋದ ಹಾಗೆಯೇ. ಮೊನ್ನೆ ನನಗೆ ಹೇಳಿದ್ದನ್ನು ಅವರಿಗೂ ಹೇಳಿ."

ಚಾಚಾ ಕೋಟಿನ ಮೇಲಿನ ಗುಂಡಿ ತಿರುಗಿಸುತ್ತ ನಿಂತರು. "ನೀವು ನಮ್ಮ ಹುಡುಗ, ನಿಮಗೆ ಹೇಳಿದೆ. ಅವರು ಆಫೀಸರು. ಒಡೆದ ಸಾಮಾನನ್ನು ಹುಕುಂ ಇಲ್ಲದೆ ಹೇಗೆ ತೋರಿಸಲಿ? ದೊಡ್ಡ ಸಾಹೇಬರು ಹೇಳಲಿ, ಈ ಕ್ಷಣ ತೋರಿಸುತ್ತೇನೆ."

"ಅವರು ಇಲ್ಲಿಗೆ ಯಾಕೆ ಬರುತ್ತಾರೆ ಚಾಚಾ?"

ಚಾಚಾ ಬಾಗಿಲ ಕಡೆ ನೋಡಿದರು. ಆಮೇಲೆ ಗೋರಿಯ ಕಡೆ ನೋಡಿದರು. ದನಿ ತಗ್ಗಿಸಿದರು. "ನೀವು ಅವರ ಹಾಗೆ ಮಾತಾಡುತ್ತೀರಲ್ಲ. ಅವರ ಹಾಗೆ ಹೇಳಿ. ಹುಕುಂ ನನ್ನ ಕಿವಿಗೆ ಬಿದ್ದರೆ ಸಾಕು. ನಾಳೆ ಯಾರು ಕೇಳಿದರೂ, ಸಾಹೇಬರ ಧ್ವನಿ ಕೇಳಿಸಿತು ಎಂದು ಗಂಗಾಜಲ ಮುಟ್ಟಿ ಹೇಳುತ್ತೇನೆ. ಅದರಲ್ಲಿ ಸುಳ್ಳೇನಿದೆ?"

ಹುಟ್ಟಿದಾಗಿನಿಂದ ನನ್ನ ಈ ಚಾಳಿಯನ್ನು ಯಾರೂ ಗಂಭೀರವಾಗಿ ಕೇಳಿಕೊಂಡಿರಲಿಲ್ಲ. ನಾನು ಗುಮ್ಮಟದ ನಟ್ಟನಡುವೆ ನಿಂತೆ. ಗಂಟಲು ಸರಿಮಾಡಿಕೊಂಡೆ. "ದೇಖಿಯೇ..." ಅಂದೆ, ಮತ್ತು ದೊಡ್ಡ ಸಾಹೇಬರಷ್ಟೇ ಹೊತ್ತು ಸುಮ್ಮನಿದ್ದೆ. ನಾನು ಸುಮ್ಮನಿದ್ದರೂ ಗುಮ್ಮಟ ಸುಮ್ಮನಿರಲಿಲ್ಲ. ಆ ಮಾತನ್ನು ಎತ್ತಿಕೊಂಡು ಮೇಲೆ ಒಂದು ಸುತ್ತು ಹಾಕಿಸಿ, ದಪ್ಪ ಮಾಡಿ ಕೆಳಕ್ಕೆ ಬಿಟ್ಟಿತು. ದೊಡ್ಡ ಸಾಹೇಬರೇ ಅಷ್ಟು ದೊಡ್ಡವರಾಗಿ ಕೇಳಿಸಿದ್ದಿಲ್ಲ. "ಒಡೆದ ಗಾಜೆಲ್ಲವನ್ನೂ ಈಗಲೇ ಇಂಜಿನಿಯರ್ ಸಾಹೇಬರ ಎದುರು ಹಾಜರುಪಡಿಸಿ. ಒಡೆಯಬೇಕೆಂದೇ ಸರ್ಕಾರ ಅದನ್ನು ಇಟ್ಟಿದೆ. ಯಾರಿಗೂ ಮೆಮೊ ಇಲ್ಲ."

"ಜೀ ಹುಜೂರ್," ಅಂದರು ಚಾಚಾ, ನನಗಲ್ಲ, ಗುಮ್ಮಟಕ್ಕೆ.

ತಿರುಗಿ ನೋಡಿದರೆ ಬಾಗಿಲಲ್ಲಿ ಇಂಜಿನಿಯರು. ಕೊಡೆ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು, ಕಾಲರಿನ ಗುಂಡಿ ಹಾಕಿಕೊಂಡು, ಕಾಲು ಜೋಡಿಸಿ ನಿಂತಿದ್ದರು. ಒಳಗೆ ನಾವಿಬ್ಬರೇ ಇರುವುದನ್ನು ಕಂಡ ಮೇಲೂ ಗುಂಡಿ ಬಿಚ್ಚಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಚಾಚಾ ಮಂಚದ ಕೆಳಗಿನಿಂದ ಬಿಸ್ಕೀಟಿನ ಡಬ್ಬಿ ಎಳೆದರು. ಲಾಟೀನಿನಿಂದ ಪಾಠ ಕಲಿತಿದ್ದರಲ್ಲ, ಒಂದು ಚೂರನ್ನೂ ಎಸೆದಿರಲಿಲ್ಲ. ಒಡೆದ ಪ್ರತಿ ಜೋಡಿಯನ್ನೂ ವೃತ್ತಪತ್ರಿಕೆಯ ತುಂಡಿನಲ್ಲಿ ಸುತ್ತಿ, ದಾರ ಕಟ್ಟಿ ಇಟ್ಟಿದ್ದರು. ಇಂಜಿನಿಯರು ಮಂಚದ ಮೇಲೆ ಕುಳಿತು ಒಂದೊಂದಾಗಿ ಬಿಚ್ಚಿ ಸಾಲಾಗಿ ಜೋಡಿಸಿದರು. ಮಂಚದ ಒಂದು ಬದಿ ತುಂಬಿತು. ಎಲ್ಲವೂ ಒಂದೇ ರೀತಿ, ನಡು ಸೊಂಟಕ್ಕೆ ಅಡ್ಡಲಾಗಿ ಒಡೆದಿದ್ದವು.

"ಹುಡುಗರ ಚೆಂಡು ಬಿದ್ದಿದ್ದರೆ ಪುಡಿ ಆಗ್ತಿತ್ತು," ಅಂದರು ಮೆಲ್ಲಗೆ. "ಇದು ಗೋಡೆ ಎಳೆದದ್ದು." ಗೆದ್ದವರ ಮುಖ ಹೇಗಿರುತ್ತದೆಂದು ನೋಡಿಟ್ಟುಕೊಳ್ಳೋಣವೆಂದು ನಾನು ಕಾಯುತ್ತಿದ್ದೆ, ಮುಂದೆ ಬೇಕಾಗುತ್ತದೆ. ಆದರೆ ಅವರು ತಲೆಯೆತ್ತಿ ಬಿರುಕನ್ನು ನೋಡಿದರು, ತಲೆ ತಗ್ಗಿಸಿ ತಾವು ಕುಳಿತಿದ್ದ ಮಂಚ ನೋಡಿದರು.

"ಇಲ್ಲಿ ಯಾರು ಮಲಗೋದು?" ಎಂದು ಹಿಂದಿಯಲ್ಲಿ ಕೇಳಿದರು.

"ನಾನೇ ಸಾಬ್. ತಂಪಾಗಿರುತ್ತದೆ."

ಇಂಜಿನಿಯರು ಎದ್ದರು. ಗಾಜುಗಳನ್ನು ಡಬ್ಬಿಗೆ ತುಂಬಿ ನನ್ನ ಕೈಗಿತ್ತರು. ಆಮೇಲೆ ಕೊಡೆಯನ್ನು ಗೋರಿಗೆ ಒರಗಿಸಿ, ಮಂಚದ ಒಂದು ತುದಿಯನ್ನು ತಾವೇ ಹಿಡಿದು ಎಳೆದುಕೊಂಡು ಬೇವಿನ ಮರದವರೆಗೂ ಹೋದರು. ಚಾಚಾ "ಸಾಬ್, ಸಾಬ್, ನಾನು ತರುತ್ತೇನೆ" ಎನ್ನುತ್ತ ಇನ್ನೊಂದು ತುದಿ ಹಿಡಿಯಲು ಹಿಂದೆಯೇ ಓಡಿದರು.

ದೀಪಾವಳಿಗೆ ಮೊದಲು ದೊಡ್ಡ ಸಾಹೇಬರು ಸ್ವತಃ ಬಂದರು. ಡಬ್ಬಿಯೊಳಗಿನ ಚೂರುಗಳನ್ನು ಪೆನ್ನಿನ ತುದಿಯಿಂದ ಸರಿಸಿ ನೋಡಿದರು. ಕಮಾನಿನ ಕೆಳಗೆ ನಿಂತು ಕೈ ಹಿಂದೆ ಕಟ್ಟಿಕೊಂಡು, "ದೇಖಿಯೇ..." ಅಂದರು. ಚಾಚಾ ನನ್ನ ಕಡೆ ನೋಡಿದರು, ನಾನು ಹೇಳಿದ್ದೇ ಹೆಚ್ಚು ಚೆನ್ನಾಗಿತ್ತು ಅನ್ನುವ ಹಾಗೆ. "ಇವು ಯಾವಾಗ ಒಡೆದವು ಎನ್ನುವುದಕ್ಕೆ ಆಧಾರವಿಲ್ಲ. ಗುಮ್ಮಟ ಗಟ್ಟಿಯಾಗಿದೆ ಎಂದೇ ನನ್ನ..."

"ಸಾರ್," ಅಂದರು ಇಂಜಿನಿಯರು ವಿನಯದಿಂದ, "ತಾವು ನಿಂತಿರೋದು ಅದರ ಕೆಳಗೇ."

ದೊಡ್ಡ ಸಾಹೇಬರು ಮೇಲೆ ನೋಡಿದರು. ಮುಖದ ಒಂದು ಗೆರೆಯೂ ಬದಲಾಗಲಿಲ್ಲ. ಕೈ ಹಿಂದೆ ಕಟ್ಟಿಕೊಂಡೇ, ಗೋರಿಯ ಕೆತ್ತನೆ ನೋಡುವವರ ಹಾಗೆ ಆ ಕಡೆ ಒಂದು ಹೆಜ್ಜೆ ಹಾಕಿದರು, ಬಾಗಿಲ ಕೆತ್ತನೆ ನೋಡುವವರ ಹಾಗೆ ಈ ಕಡೆ ಎರಡು ಹೆಜ್ಜೆ ಹಾಕಿದರು, ಅರ್ಧಕ್ಕೆ ನಿಲ್ಲಿಸಿದ್ದ ವಾಕ್ಯವನ್ನು ಬೇವಿನ ಮರದ ಕೆಳಗೆ ಪೂರ್ತಿ ಮಾಡಿದರು: "...ಮೊದಲಿನ ಅಭಿಪ್ರಾಯವಾಗಿತ್ತು." ಕಡತದಲ್ಲಿ ಅವರು ಬರೆದದ್ದು ಆಮೇಲೆ. ನನ್ನ ನೌಕರಿ ಉಳಿದದ್ದು ಆ ಮೂರು ಹೆಜ್ಜೆಗಳಲ್ಲಿ.

ಕಮಾನಿಗೆ ಮರದ ಆನಿಕೆ ಬಂತು. ಚಾಚಾಗೆ ಹೊರಗೆ ತಗಡಿನ ಕೋಣೆ ಬಂತು. ಬೇಸಿಗೆಯಲ್ಲಿ ಸುಡುತ್ತದೆ, ಗುಮ್ಮಟವೇ ತಂಪಾಗಿತ್ತು ಎಂದು ಪ್ರತಿ ಸೋಮವಾರ ದೂರುತ್ತಾರೆ. ನೀಲಿ ಪೆಟ್ಟಿಗೆಯ ಉಪಕರಣಕ್ಕೂ ಹೊರಗೆ ಬರಲು ಅನುಮತಿ ಸಿಕ್ಕಿತು. ಅದನ್ನು ಕೈಯಿಂದ ಬೀಳಿಸುವ ಗೌರವ ಇನ್ನೂ ನನಗೆ ಒದಗಿಲ್ಲ. ಇಂಜಿನಿಯರು ಇಲ್ಲೇ ಇದ್ದಾರೆ. ಗಾಜಿನ ಮೇಲೆ ಬಾಲವಿಲ್ಲದ ಸಹಿ ಹಾಕುತ್ತಾರೆ.

ನನ್ನ ನೌಕರಿಯ ಆದೇಶವನ್ನು ಭಾವ ಜೋರಾಗಿ ಓದಿದರು. 'ಬಿರುಕಿನ ಚಲನೆ ನಿಲ್ಲುವವರೆಗೆ' ಮುಂದುವರಿಸಲಾಗಿದೆ ಎಂದಿತ್ತು.

"ಅಂದರೆ ಬಿರುಕು ನಿಂತರೆ?" ಅಂದಳು ಅಕ್ಕ.

"ಕರೋಲ್‌ಬಾಗು," ಅಂದರು ಭಾವ.

"ಗುಮ್ಮಟವೇ ಬಿದ್ದರೆ?"

"ಆಗಲೂ ಕರೋಲ್‌ಬಾಗು."

ಆದ್ದರಿಂದ ಅದು ಬೀಳದೆ, ವಾಸಿಯೂ ಆಗದೆ, ಕೂದಲೆಳೆಯಷ್ಟು ಕೂದಲೆಳೆಯಷ್ಟು ಬಿರಿಯುತ್ತಿರಲಿ ಎಂದು ಅಕ್ಕ ಈಗ ದೇವರಿಗೆ ಸ್ಪಷ್ಟವಾಗಿ ಹೇಳಿದ್ದಾಳೆ.

ಕಳೆದ ಚಳಿಗಾಲದಲ್ಲಿ ಬಹಳ ದಿನ ಗಾಜು ಒಡೆಯಲಿಲ್ಲ. ಮುಳ್ಳು ಕೂಡ ಅಲುಗಲಿಲ್ಲ. ನಾನು ಪೆಚ್ಚು ಮುಖದಿಂದ ಏಣಿಯಿಳಿಯುವುದನ್ನು ಚಾಚಾ ಕೆಲವು ವಾರ ನೋಡಿದರು. ಒಂದು ಸೋಮವಾರ, ಇಂಜಿನಿಯರು ದೂರದಲ್ಲಿ ಎಮ್ಮೆಗಳನ್ನು ಬಳಸಿಕೊಂಡು ಬರುತ್ತಿರುವಾಗ, ಏಣಿಯ ಕಾಲು ಹಿಡಿದುಕೊಂಡೇ ಕೇಳಿದರು.

"ಒಡೆದರೆ ಒಳ್ಳೆಯದು ಅಂತ ಹುಕುಂ ಆಗಿದೆಯಲ್ಲ ಬಾಬೂಜಿ. ನಾನೇ ಒಂದೆರಡು ಒಡೆದಿಡಲೇ? ಅಚ್ಚುಕಟ್ಟಾಗಿ, ನಡುವಿಗೇ ಒಡೆಯುತ್ತೇನೆ. ಯಾರಿಗೂ ಗೊತ್ತಾಗುವುದಿಲ್ಲ."

ಅವರ ಕೈಕೆಲಸ ನನಗೆ ಗೊತ್ತು. ಗೊತ್ತಾಗುತ್ತಿರಲಿಲ್ಲ. ನಾನು ಏಣಿಯ ನಡುವೆ ನಿಂತು ಮೇಲೆ ನೋಡಿದೆ, ಕೆಳಗೆ ನೋಡಿದೆ, ಕರೋಲ್‌ಬಾಗಿನ ಸ್ಟೂಲನ್ನು ನೆನೆಸಿಕೊಂಡೆ. ನನ್ನ ಧ್ವನಿಯಲ್ಲಿ ಬೇಡ ಅಂದರೆ ಚಾಚಾ ಅದನ್ನು ಸಂಕೋಚ ಅಂದುಕೊಳ್ಳುತ್ತಿದ್ದರು.

ಗಂಟಲು ಸರಿಮಾಡಿಕೊಂಡು "ದೇಖಿಯೇ..." ಅಂದೆ. ಚಾಚಾ ಏಣಿ ಬಿಟ್ಟು ಸೆಟೆದು ನಿಂತರು. ಏಣಿ ಜಾರತೊಡಗಿತು.